ಕಾಲೇಜಿನಲ್ಲಿ ಕಿರುಕುಳವಾದರೆ: ಮೂರು ತಿಂಗಳ ಗಡುವು



ಮಗಳು ಕಾಲೇಜಿನಿಂದ ಬಂದು "ಆ ಸರ್ ಸರಿಯಿಲ್ಲಮ್ಮ" ಎಂದಾಗ ನಮ್ಮ ಬಾಯಿಗೆ ಬರುವ ಮೊದಲ ಮಾತು, "ಪರೀಕ್ಷೆ ಮುಗಿಯಲಿ, ನೋಡೋಣ." ಆದರೆ ಗಡುವು ಕಾಯುವುದಿಲ್ಲ. ಯುಜಿಸಿಯ 2015ರ ನಿಯಮದಂತೆ, ಘಟನೆ ನಡೆದ ಮೂರು ತಿಂಗಳೊಳಗೆ ಕಾಲೇಜಿನ ಆಂತರಿಕ ದೂರು ಸಮಿತಿಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು; ಕೊಟ್ಟೇ ಕೊಡುತ್ತದೆಂದು ಕೂರುವುದು ಬೇಡ.

ಕಾಸರಗೋಡಿನಲ್ಲಿ ಓದಲಿ, ಮಂಗಳೂರಿನಲ್ಲಿ ಓದಲಿ, ನಿಯಮ ಒಂದೇ. ಸಮಿತಿಯ ಅಧ್ಯಕ್ಷೆ ಮಹಿಳೆ. ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಬರೆಯಲಾಗದಿದ್ದರೆ ಬರೆಯಲು ಸಮಿತಿಯೇ ನೆರವಾಗಬೇಕು. ದೂರುದಾರಳ ಹೆಸರು ಗುಟ್ಟಾಗಿರಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಹಣ ಕೊಟ್ಟು ರಾಜಿ ಮಾಡಿಸುವಂತಿಲ್ಲ. ಇನ್ನು ಅಂಕದ ಭಯ: ವಿಚಾರಣೆ ನಡೆಯುವಾಗ ಆ ಅಧ್ಯಾಪಕರು ಅವಳ ಉತ್ತರಪತ್ರಿಕೆ ನೋಡದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ನಾವು ಬಹಳ ಮಂದಿ ಕೇಳಿಯೇ ಇರದ ಮಾತಿದು. ಸಮಿತಿಯವರ ಹೆಸರನ್ನು ಕಾಲೇಜು ಪ್ರಕಟಿಸಲೇಬೇಕು. ಅಡ್ಮಿಷನ್ ದಿನವೇ ಬರೆದುಕೊಂಡು ಬನ್ನಿ.

ಮೊದಲ ವರ್ಷದಲ್ಲಿ ಕೆಲವರಿಗೆ ಇನ್ನೂ 18 ತುಂಬಿರುವುದಿಲ್ಲ. ಆಗ 2012ರ ಪೋಕ್ಸೊ ಕಾಯ್ದೆಯಂತೆ, ಲೈಂಗಿಕ ಅಪರಾಧದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಹೆತ್ತವರಾದ ನಮಗೂ ವಿನಾಯಿತಿಯಿಲ್ಲ.

ಹಿಂಸೆ ಮನೆಯೊಳಗೇ ಇದ್ದರೆ ದಾರಿ ಬೇರೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೆಂಡತಿಗೆ ಮಾತ್ರವಲ್ಲ, ಮಗಳಿಗೂ ತಂಗಿಗೂ ಅನ್ವಯ. ಸಂರಕ್ಷಣಾಧಿಕಾರಿಗೆ ಅವಳೇ ಹೇಳಬೇಕೆಂದಿಲ್ಲ, ಪಕ್ಕದ ಮನೆಯವರೂ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬೀಳದು. ಮಹಿಳಾ ಸಹಾಯವಾಣಿ 181.