ಸರ್ಪಸುತ್ತು: ಕೆಮ್ಮಣ್ಣಿಗಿಂತ ಮೊದಲು ಮಾತ್ರೆ

ಸೊಂಟದ ಒಂದೇ ಬದಿಯಲ್ಲಿ ಉರಿ. ಅಂಗಿ ತಾಗಿದರೂ ಚುರ್ ಎನ್ನುತ್ತದೆ. ಉಳುಕಿರಬೇಕೆಂದು ಮುಲಾಮು ತಿಕ್ಕಿ ಮಲಗಿದರೆ, ಎರಡು ದಿನ ಬಿಟ್ಟು ಬೆನ್ನಿನಿಂದ ಹೊಟ್ಟೆಯ ಕಡೆಗೆ ಕೆಂಪು ಪಟ್ಟಿ, ಅದರ ಮೇಲೆ ನೀರುಗುಳ್ಳೆಗಳ ಗೊಂಚಲು. ‘ಸರ್ಪಸುತ್ತು, ಕೆಮ್ಮಣ್ಣು ಹಚ್ಚಿಸಿ. ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ’ ಎಂದು ಯಾರಾದರೂ ಹೆದರಿಸುತ್ತಾರೆ.

ತಲೆ ಬಾಲ ಕೂಡುವ ಮಾತು ಬಿಡಿ. ಗುಳ್ಳೆಗಳು ಒಂದು ನರದ ಜಾಡು ಹಿಡಿದು, ಸಾಮಾನ್ಯವಾಗಿ ಮೈಯ ನಡುಗೆರೆಗೆ ಬಂದು ನಿಲ್ಲುತ್ತವೆ. ಹಿಂದೆಂದೋ ಚಿಕನ್‌ಪಾಕ್ಸ್ ತಂದ ವೈರಸ್ಸೇ ನರದ ಬುಡದಲ್ಲಿ ಅಡಗಿದ್ದು, ವಯಸ್ಸಾದಾಗಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗಲೋ ಮತ್ತೆ ಏಳುತ್ತದೆ. ಹರಕೆ ಹೊತ್ತುಕೊಳ್ಳಿ, ಬೇಡ ಎನ್ನುವುದಿಲ್ಲ. ಡಾಕ್ಟರನ್ನು ಕಂಡು ಬಂದ ಮೇಲೆ.

ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು. ವಯಸ್ಕರಿಗೆ ಸಾಮಾನ್ಯವಾಗಿ ಅಸೈಕ್ಲೋವಿರ್ 800 ಮಿ.ಗ್ರಾಂ. ದಿನಕ್ಕೆ 5 ಸಲ, ಇಲ್ಲವೇ ವಾಲಸೈಕ್ಲೋವಿರ್ 1 ಗ್ರಾಂ ದಿನಕ್ಕೆ 3 ಸಲ, 7 ದಿನ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕಾಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಿ. ಮೂರು ದಿನ ಕಳೆದಿದ್ದರೂ ಹೊಸ ಗುಳ್ಳೆ ಏಳುತ್ತಿದ್ದರೆ ಹೋಗಿ. ಮೂಗಿನ ತುದಿಯಲ್ಲಿ, ಹಣೆಯಲ್ಲಿ, ಕಣ್ಣಿನ ಸುತ್ತ ಗುಳ್ಳೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ: ದೃಷ್ಟಿಗೇ ಕುತ್ತು. ಕಿವಿಯಲ್ಲಿ ಗುಳ್ಳೆ, ಬಾಯಿ ಸೊಟ್ಟ ಆದರೂ ತಡ ಬೇಡ.

ಗುಳ್ಳೆ ಒಡೆಯಬೇಡಿ. ತೊಳೆದು, ಒಣಗಿಸಿ, ತೆಳ್ಳನೆ ಬಟ್ಟೆ ಮುಚ್ಚಿ. ಒಡೆದ ಗುಳ್ಳೆಗೆ ಮಣ್ಣು ಮೆತ್ತಿದರೆ ಕೀವಾಗಬಹುದು. ಹಕ್ಕಳೆ ಕಟ್ಟುವ ತನಕ ಹಸುಗೂಸು, ಚಿಕನ್‌ಪಾಕ್ಸ್ ಆಗದ ಗರ್ಭಿಣಿ ಹತ್ತಿರ ಬಾರದಿರಲಿ.

ಕಲೆ ಮಾಸಿದರೂ ಕೆಲವರಿಗೆ, ಹೆಚ್ಚಾಗಿ ವಯಸ್ಸಾದವರಿಗೆ, ನೋವು ಮೂರು ತಿಂಗಳು ದಾಟಿ ಉಳಿಯುತ್ತದೆ. ಸೆರಗು ಸವರಿದರೂ, ಫ್ಯಾನಿನ ಗಾಳಿ ಬಿದ್ದರೂ ಉರಿ. ಚರ್ಮ ಮಾಯ್ದಿದೆ, ನರ ಮಾಯ್ದಿಲ್ಲ. ‘ಎಲ್ಲ ವಾಸಿಯಾಯ್ತಲ್ಲ, ಇನ್ನೇನು ನಾಟಕ’ ಎಂದು ಮನೆಯವರು ಅನ್ನಬಾರದು. ಬೇಗ ಮಾತ್ರೆ ನುಂಗಿದರೆ ಈ ನೋವು ಬಾರದೆಂಬ ಖಾತರಿಯಿಲ್ಲ. ಆದ್ದರಿಂದ ಮೊದಲ ವಾರದಿಂದಲೇ ನೋವಿಗೂ ಔಷಧ ಕೇಳಿ. ಮಾಮೂಲಿ ನೋವಿನ ಮಾತ್ರೆಗೆ ಇದು ಬಗ್ಗುವುದು ಕಡಿಮೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂಥವನ್ನು ಕಡಿಮೆ ಪ್ರಮಾಣದಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ. ಗುಣ ಕಾಣಲು ವಾರಗಳೇ ಬೇಕು. ಮಂಪರು, ತಲೆಸುತ್ತು ಬರುವುದುಂಟು. ರಾತ್ರಿ ಬಚ್ಚಲಿಗೆ ಏಳುವ ಹಿರಿಯರಿಗೆ ಒಂದು ದೀಪ ಉರಿಯುತ್ತಿರಲಿ. ಮಾತ್ರೆಯನ್ನು ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ.

50 ದಾಟಿದವರಿಗೆ ಲಸಿಕೆ ಭಾರತದಲ್ಲೂ ಸಿಗುತ್ತದೆ: ಎರಡು ಡೋಸ್, ನಡುವೆ 2ರಿಂದ 6 ತಿಂಗಳ ಅಂತರ. ದುಬಾರಿಯೇ. ಒಮ್ಮೆ ಸರ್ಪಸುತ್ತು ಆದವರೂ ವಾಸಿಯಾದ ಮೇಲೆ ಹಾಕಿಸಿಕೊಳ್ಳಬಹುದು.