ಧ್ರುವಹಿಮಾನಿಗಳ ಕ್ಷಯಮಾಪನ

ಸಂಸ್ಕೃತ ವೈಯಾಕರಣರು ‘ಹಿಮ’ ಶಬ್ದಕ್ಕೆ ಮಹತ್ತ್ವವನ್ನು ಹೇಳುವ ಅರ್ಥದಲ್ಲಿ ಪ್ರತ್ಯಯವನ್ನು ವಿಧಿಸಿ ‘ಹಿಮಾನೀ’ ಎಂಬ ರೂಪವನ್ನು ಸಾಧಿಸಿದ್ದಾರೆ. ಅಮರಸಿಂಹನ ಕೋಶದಲ್ಲಿಯೂ ಈ ಶಬ್ದಕ್ಕೆ ಹಿಮದ ದೊಡ್ಡ ರಾಶಿಯೆಂದೇ ಅರ್ಥ. ಕನ್ನಡದಲ್ಲಿ ಇದೇ ವಸ್ತುವಿಗೆ ಹಿಮನದಿ, ನೀರ್ಗಲ್ಲು ಎಂಬ ಮಾತುಗಳು ಬಳಕೆಯಲ್ಲಿವೆ. ಹಿಮಾನಿಯೆಂದಾಗ ರಾಶಿಯೂ ಹಿಮನದಿಯೆಂದಾಗ ಹರಿವೂ ಮನಸ್ಸಿಗೆ ಬರುತ್ತವೆ. ಧ್ರುವಪ್ರದೇಶದ ಹಿಮ ಎಷ್ಟು ಕ್ಷಯಿಸಿತೆಂದು ಅಳೆಯಹೊರಟವರಿಗೆ ಈ ಎರಡು ಅರ್ಥಗಳೂ ಬೇಕಾಗುತ್ತವೆ. ಅವರು ರಾಶಿಯನ್ನು ತೂಗಬೇಕು, ಹರಿವನ್ನೂ ಲೆಕ್ಕಹಾಕಬೇಕು.

ಖಂಡದಷ್ಟು ವಿಸ್ತಾರವಾದ ಹಿಮರಾಶಿಗಳು ಭೂಮಿಯ ಮೇಲೆ ಇಂದು ಎರಡೇ ಉಳಿದಿವೆ: ಉತ್ತರದಲ್ಲಿ ಗ್ರೀನ್‌ಲೆಂಡಿನದು, ದಕ್ಷಿಣದಲ್ಲಿ ಅಂಟಾರ್ಕ್ಟಿಕದ್ದು. ಗ್ರೀನ್‌ಲೆಂಡಿನ ಹಿಮರಾಶಿ ಸುಮಾರು ೧೭ ಲಕ್ಷ ಚದರ ಕಿಲೋಮೀಟರುಗಳಷ್ಟು ಹರಡಿದ್ದು, ಮಧ್ಯಭಾಗದಲ್ಲಿ ೩ ಕಿಲೋಮೀಟರಿಗೂ ಮಿಕ್ಕಿ ದಪ್ಪವಾಗಿದೆ. ಅದು ಸಮಗ್ರವಾಗಿ ಕರಗಿದರೆ ಜಗತ್ತಿನ ಸಮುದ್ರಮಟ್ಟ ೭ ಮೀಟರಿಗೂ ಹೆಚ್ಚು ಏರುವುದು. ಅಂಟಾರ್ಕ್ಟಿಕದ್ದು ಕರಗಿದರೆ ಸುಮಾರು ೫೮ ಮೀಟರು ಏರುವುದು. ಅಂತಹ ಪೂರ್ಣಕ್ಷಯ ಬಹುದೀರ್ಘಕಾಲದ ಮಾತು. ಆದರೆ ಅದರ ಅಲ್ಪಾಂಶವೂ ಕರಾವಳಿಯ ಊರು, ಬಂದರು, ಗದ್ದೆಗಳಿಗೆ ಸಂಬಂಧಿಸಿದ್ದಾದುದರಿಂದ ಕ್ಷಯದ ಪ್ರಮಾಣವನ್ನು ನಿಷ್ಕೃಷ್ಟವಾಗಿ ತಿಳಿಯುವುದು ಅವಶ್ಯಕವಾಗಿದೆ.

ಇಲ್ಲಿ ಒಂದು ಭೇದವನ್ನು ಮೊದಲೇ ಗ್ರಹಿಸಬೇಕು. ಸಮುದ್ರದಲ್ಲಿ ತೇಲುತ್ತಿರುವ ಹಿಮ ಕರಗಿದರೆ ನೀರಿನ ಮಟ್ಟ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಲೋಟದ ನೀರಿನಲ್ಲಿ ತೇಲುವ ಮಂಜುಗಡ್ಡೆಯನ್ನು ಕರಗಲು ಬಿಟ್ಟು ನೋಡಿದರೆ ಆರ್ಕಿಮಿಡೀಸನ ಈ ತತ್ತ್ವ ಬಾಲಕರಿಗೂ ಪ್ರತ್ಯಕ್ಷವಾಗುತ್ತದೆ. ನೆಲದ ಮೇಲೆ ನಿಂತ ಹಿಮ ಕಡಲನ್ನು ಸೇರಿದಾಗ ಮಾತ್ರ ಮಟ್ಟ ಏರುತ್ತದೆ. ಆದುದರಿಂದ ಮುಖ್ಯವಾಗಿ ಅಳೆಯತಕ್ಕದ್ದು ನೆಲವನ್ನು ಆಶ್ರಯಿಸಿದ ಹಿಮವನ್ನೇ.

ಅಳತೆಯ ಹಳೆಯ ಕ್ರಮ ಸರಳವಾದದ್ದು. ಹಿಮದಲ್ಲಿ ಆಳವಾಗಿ ರಂಧ್ರ ಕೊರೆದು ಕೋಲುಗಳನ್ನು ನೆಡುತ್ತಾರೆ. ಚಳಿಗಾಲದ ಹಿಮಪಾತದಿಂದ ಕೋಲು ಎಷ್ಟು ಮುಚ್ಚಿತು, ಬೇಸಗೆಯ ಕರಗುವಿಕೆಯಿಂದ ಎಷ್ಟು ಬಯಲಾಯಿತು ಎಂಬುದನ್ನು ನೋಡಿ ಆ ವರ್ಷದ ಲಾಭನಷ್ಟವನ್ನು ನಿರ್ಣಯಿಸುತ್ತಾರೆ. ನಾರ್ವೆ ದೇಶಕ್ಕೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸ್ತೋಮದ ನೀ-ಓಲೆಸುಂಡ್ ಎಂಬಲ್ಲಿ ಒಂದು ಹಿಮನದಿಯನ್ನು ೧೯೬೭ರಿಂದಲೂ ಈ ಕ್ರಮದಲ್ಲಿ ಅಳೆಯಲಾಗುತ್ತಿದೆ. ಭಾರತವು ೨೦೦೮ರಲ್ಲಿ ಸ್ಥಾಪಿಸಿದ ‘ಹಿಮಾದ್ರಿ’ ಸಂಶೋಧನಕೇಂದ್ರ ಇರುವುದೂ ಆ ಊರಿನಲ್ಲಿಯೇ. ಒಂದು ಸಣ್ಣ ಹಿಮನದಿಗೆ ಕೋಲುಗಳು ಸಾಕಾಗುತ್ತವೆ. ಖಂಡಕ್ಕೆ ಸಮನಾದ ಹಿಮರಾಶಿಗೆ ಕೋಲು ನೆಟ್ಟು ಪೂರೈಸುವುದು ಅಸಾಧ್ಯ. ಆ ಕಾರ್ಯಕ್ಕೆ ಉಪಗ್ರಹಗಳನ್ನು ಆಶ್ರಯಿಸಿ ಮೂರು ಮಾರ್ಗಗಳನ್ನು ಕಂಡುಕೊಳ್ಳಲಾಗಿದೆ.

ಮೊದಲನೆಯದು ಎತ್ತರದ ಮಾರ್ಗ. ಉಪಗ್ರಹದಿಂದ ಲೇಸರ್ ಕಿರಣವನ್ನೋ ರೇಡಾರ್ ತರಂಗವನ್ನೋ ಹಿಮದ ಮೇಲೆ ಬೀರಿ, ಅದು ಪ್ರತಿಫಲಿಸಿ ಹಿಂದಿರುಗಲು ತೆಗೆದುಕೊಂಡ ಕಾಲದಿಂದ ಹಿಮದ ಎತ್ತರವನ್ನು ಗಣಿಸುತ್ತಾರೆ. ಯುರೋಪಿನ ಕ್ರಯೋಸ್ಯಾಟ್-೨ ಉಪಗ್ರಹ ೨೦೧೦ರಿಂದ ರೇಡಾರಿನ ಮೂಲಕ ಅಳೆಯತೊಡಗಿತು. ೨೦೧೮ರಲ್ಲಿ ಹಾರಿದ ಅಮೆರಿಕದ ಐಸ್‌ಸ್ಯಾಟ್-೨ ಒಂದು ಸೆಕೆಂಡಿಗೆ ೧೦,೦೦೦ ಸಲ ಲೇಸರ್ ಮಿಣುಕುಗಳನ್ನು ಬೀರುವಂಥದು. ಈ ಮಾರ್ಗದಲ್ಲಿಯೂ ಒಂದು ದೋಷವುಂಟು. ಎತ್ತರ ತಿಳಿದಮಾತ್ರಕ್ಕೆ ತೂಕ ತಿಳಿಯದು. ಗಟ್ಟಿಯಾದ ಹಿಮ ಒಂದು ಘನಮೀಟರಿಗೆ ಸುಮಾರು ೯೧೭ ಕಿಲೋಗ್ರಾಂ ತೂಗಿದರೆ, ಹೊಸತಾಗಿ ಬಿದ್ದ ಹಿಮ ಅದರ ಅರ್ಧದಷ್ಟೂ ತೂಗದು. ಮೇಲ್ಮೈ ಒಂದು ಗೇಣು ಕುಸಿದಾಗ ಗಟ್ಟಿಹಿಮ ಕರಗಿತೋ, ಸಡಿಲಹಿಮ ಅದುಮಿಕೊಂಡಿತೋ ಎಂಬ ಸಂಶಯ ಉಳಿಯುತ್ತದೆ.

ಎರಡನೆಯದು ಗುರುತ್ವದ ಮಾರ್ಗ. ಅಮೆರಿಕ ಮತ್ತು ಜರ್ಮನಿಗಳು ಸೇರಿ ೨೦೦೨ರಲ್ಲಿ ‘ಗ್ರೇಸ್’ ಎಂಬ ಹೆಸರಿನ ಉಪಗ್ರಹಯುಗ್ಮವನ್ನು ಹಾರಿಸಿದವು. ಇವು ಸುಮಾರು ೨೨೦ ಕಿಲೋಮೀಟರು ಅಂತರದಲ್ಲಿ ಒಂದರ ಹಿಂದೊಂದು ಸಂಚರಿಸುತ್ತಿದ್ದವು. ಭಾರವಾದ ರಾಶಿಯನ್ನು ಸಮೀಪಿಸಿದಾಗ ಮುಂದಿನ ಉಪಗ್ರಹ ಮೊದಲು ಸೆಳೆಯಲ್ಪಟ್ಟು ಅಂತರ ಹಿಗ್ಗುತ್ತದೆ. ಅನಂತರ ಹಿಂದಿನದು ಸೆಳೆಯಲ್ಪಟ್ಟು ಅಂತರ ಕುಗ್ಗುತ್ತದೆ. ಕೂದಲಿನ ದಪ್ಪಕ್ಕಿಂತಲೂ ಸೂಕ್ಷ್ಮವಾದ ಈ ಹಿಗ್ಗುಕುಗ್ಗುಗಳನ್ನು ಅಳೆದು, ಕೆಳಗಿನ ರಾಶಿ ತಿಂಗಳಿಂದ ತಿಂಗಳಿಗೆ ಎಷ್ಟು ಬದಲಾಯಿತೆಂದು ತಿಳಿಯುತ್ತಾರೆ. ಈ ಜೋಡಿಯ ಕಾರ್ಯ ೨೦೧೭ರಲ್ಲಿ ಮುಗಿಯಿತು. ೨೦೧೮ರಲ್ಲಿ ಇದರ ಉತ್ತರಾಧಿಕಾರಿಯಾದ ಇನ್ನೊಂದು ಜೋಡಿ ಹಾರಿತು. ಇದು ತಕ್ಕಡಿಯಂತೆ ತೂಕವನ್ನೇ ಹೇಳುವುದಾದರೂ ಒಂದು ಹಿಮನದಿಯನ್ನು ಅದರ ನೆರೆಯ ಇನ್ನೊಂದರಿಂದ ಬೇರ್ಪಡಿಸಿ ತೋರಿಸಲಾರದು. ಅಲ್ಲದೆ, ಹಿಂದಣ ಹಿಮಯುಗದ ಭಾರ ಇಳಿದುದರಿಂದ ನೆಲವೇ ಇಂದಿಗೂ ನಿಧಾನವಾಗಿ ಮೇಲೇಳುತ್ತಿದೆ. ಆ ಚಲನೆಯ ಪರಿಣಾಮವನ್ನು ಪ್ರತ್ಯೇಕವಾಗಿ ಗಣಿಸಿ ಕಳೆಯಬೇಕಾಗುತ್ತದೆ.

ಮೂರನೆಯದು ಆಯವ್ಯಯದ ಮಾರ್ಗ. ಹಿಮರಾಶಿಗೆ ಹಿಮಪಾತವೇ ಆದಾಯ. ಮೇಲೆ ಕರಗಿ ಹೋಗುವ ನೀರೂ ಹಿಮನದಿಗಳು ಕಡಲಿಗೆ ಒಯ್ಯುವ ಹಿಮವೂ ವೆಚ್ಚ. ಹಿಮನದಿಯ ದಪ್ಪವನ್ನು ವಿಮಾನದಿಂದ ರೇಡಾರ್ ಬೀರಿಯೂ, ವೇಗವನ್ನು ಉಪಗ್ರಹಚಿತ್ರಗಳನ್ನು ಹೋಲಿಸಿಯೂ ಅರಿಯುತ್ತಾರೆ. ಗ್ರೀನ್‌ಲೆಂಡಿನ ಪಶ್ಚಿಮತೀರದ ಯಾಕೊಬ್ಸ್‌ಹಾವ್ನ್ ಹಿಮನದಿ ೧೯೯೨ರಲ್ಲಿ ವರ್ಷಕ್ಕೆ ೫.೭ ಕಿಲೋಮೀಟರಿನಂತೆ ಹರಿಯುತ್ತಿದ್ದುದು ೨೦೦೩ರಲ್ಲಿ ೧೨.೬ ಕಿಲೋಮೀಟರಿನಂತೆ ಹರಿಯಿತೆಂಬುದು ಹೀಗೆ ತಿಳಿದ ಸಂಗತಿ. ಈ ಮಾರ್ಗದ ತೊಡಕು ದೊಡ್ಡ ಸಂಸ್ಥೆಗಳ ಜಮಾಖರ್ಚು ನೋಡಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಆದಾಯವೂ ವೆಚ್ಚವೂ ಬೃಹತ್ ಮೊತ್ತಗಳಾಗಿದ್ದು ಅವುಗಳ ಅಂತರ ಸ್ವಲ್ಪವೇ ಇರುವಾಗ, ಯಾವುದಾದರೊಂದರಲ್ಲಿ ನೂರಕ್ಕೆ ಐದರಷ್ಟು ತಪ್ಪಿದರೂ ಉಳಿಕೆಯ ಲೆಕ್ಕವೆಲ್ಲ ವ್ಯತ್ಯಾಸವಾಗುತ್ತದೆ.

ಮೂರು ಮಾರ್ಗಗಳಲ್ಲಿಯೂ ದೋಷವಿರುವಾಗ ನಿರ್ಣಯ ಹೇಗೆ? ಇದಕ್ಕೆ ಸಮಾಧಾನ ಆ ದೋಷಗಳ ಸ್ವರೂಪದಲ್ಲಿಯೇ ದೊರೆಯುತ್ತದೆ. ಸಡಿಲಹಿಮದ ಸಂಶಯ ಎತ್ತರದ ಮಾರ್ಗಕ್ಕೆ ಸೇರಿದ್ದು. ತೂಕದ ಮಾರ್ಗವನ್ನು ಅದು ಬಾಧಿಸದು. ನೆಲದ ಏರಿಕೆ ತೂಕದ ಮಾರ್ಗವನ್ನು ಬಹಳವಾಗಿ ಕೆಡಿಸಬಲ್ಲುದು, ಆಯವ್ಯಯವನ್ನು ಮುಟ್ಟದು. ಪರಸ್ಪರ ಅರಿಯದ ಮೂವರು ಸಾಕ್ಷಿಗಳು ಒಂದೇ ಸಂಗತಿಯನ್ನು ನುಡಿದರೆ ನ್ಯಾಯಸ್ಥಾನ ಅದನ್ನು ನಂಬುವಂತೆ, ಮೂರು ಗಣನೆಗಳು ಕೂಡಿದ ಎಡೆಯಲ್ಲಿ ಫಲಿತವನ್ನು ನಂಬಬಹುದು. ಹಿಂದೆ ಅಂಟಾರ್ಕ್ಟಿಕದ ಹಿಮ ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದರಲ್ಲಿಯೇ ಮತಭೇದವಿತ್ತು. ಹಲವು ದೇಶಗಳ ವಿದ್ವಾಂಸರು ಕೂಡಿ ಒಂದೇ ಕಾಲಾವಧಿಗೆ, ಒಂದೇ ಎಲ್ಲೆಗೆ ಮೂರು ಮಾರ್ಗಗಳನ್ನೂ ಅನ್ವಯಿಸಿ ೨೦೧೨ರಲ್ಲಿ ಮೊದಲ ಸಮನ್ವಯವನ್ನು ಪ್ರಕಟಿಸಿದರು.

೨೦೨೩ರಲ್ಲಿ ಪ್ರಕಟವಾದ ಇಂತಹುದೇ ಸಮನ್ವಯದಂತೆ, ೧೯೯೨ರಿಂದ ೨೦೨೦ರ ವರೆಗೆ ಎರಡು ಹಿಮರಾಶಿಗಳೂ ಕೂಡಿ ಸುಮಾರು ೭,೫೬೦ ಶತಕೋಟಿ ಟನ್ ಹಿಮವನ್ನು ಕಳೆದುಕೊಂಡಿವೆ. ಇದರಿಂದ ಸಮುದ್ರಮಟ್ಟ ೨೧ ಮಿಲಿಮೀಟರಿನಷ್ಟು ಏರಿತು. ಈ ಏರಿಕೆಯಲ್ಲಿ ಮೂರರಲ್ಲಿ ಎರಡು ಪಾಲು ಗ್ರೀನ್‌ಲೆಂಡಿನದು. ಈ ಗಣನೆ ಸುಮಾರು ೭೦೦ ಶತಕೋಟಿ ಟನ್ನುಗಳಷ್ಟು ಹೆಚ್ಚುಕಡಮೆಯಾಗಬಹುದೆಂದು ಆ ವಿದ್ವಾಂಸರೇ ಬರೆದಿದ್ದಾರೆ. ಪಶ್ಚಿಮ ಅಂಟಾರ್ಕ್ಟಿಕದ ಪೈನ್ ಐಲೆಂಡ್, ಥ್ವೇಟ್ಸ್ ಹಿಮನದಿಗಳ ಪ್ರದೇಶದಲ್ಲಿ ಕ್ಷಯವಾಗುತ್ತಿದೆಯೆಂಬುದಕ್ಕೆ ಮೂರು ಸಾಕ್ಷಿಗಳೂ ಒಪ್ಪುತ್ತವೆ. ಪೂರ್ವ ಅಂಟಾರ್ಕ್ಟಿಕದಲ್ಲಿ ಈ ಅವಧಿಯ ಲಾಭನಷ್ಟ ಇನ್ನೂ ನಿಶ್ಚಿತವಾಗಿಲ್ಲ. ೨೦೨೨ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಅಸಾಧಾರಣ ಹಿಮಪಾತವೂ ಆಯಿತು. ಒಂದು ವರ್ಷದ ವೃದ್ಧಿಯನ್ನಾಗಲಿ ಕ್ಷಯವನ್ನಾಗಲಿ ಹಿಡಿದು ದೀರ್ಘಕಾಲದ ಗತಿಯನ್ನು ಹೇಳಬಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದೂರದ ಹಿಮದ ಈ ಲೆಕ್ಕ ಕಾರವಾರ, ಮಂಗಳೂರುಗಳ ಕಡಲಿಗೂ ಸಂಬಂಧಿಸಿದ್ದು. ಮಹಾರಾಶಿಯಾದ ಹಿಮ ತನ್ನ ಸುತ್ತಣ ಸಮುದ್ರವನ್ನು ತನ್ನೆಡೆಗೆ ಸೆಳೆದುಕೊಂಡಿರುತ್ತದೆ. ಗ್ರೀನ್‌ಲೆಂಡಿನ ಹಿಮ ಕ್ಷೀಣಿಸಿದಂತೆ ಆ ಸೆಳೆತ ಸಡಿಲವಾಗಿ ಅದರ ಸಮೀಪದ ಕಡಲು ತಗ್ಗುತ್ತದೆ. ಉಷ್ಣವಲಯದ ಸಮುದ್ರಗಳಲ್ಲಿ ಏರಿಕೆ ಸರಾಸರಿಗಿಂತ ಹೆಚ್ಚಾಗಿರುತ್ತದೆ.

ಇಂತಹ ವಿಷಯವನ್ನು ತರಗತಿಯಲ್ಲಿ ಬೋಧಿಸುವಾಗ ೨೧ ಮಿಲಿಮೀಟರೆಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿದರೆ ಪ್ರಯೋಜನ ಅಲ್ಪ. ಆ ಸಂಖ್ಯೆ ಎಷ್ಟು ಮಾರ್ಗಗಳಿಂದ ಸಿದ್ಧವಾಯಿತು, ಎಲ್ಲಿ ಸಂಶಯ ಉಳಿದಿದೆ, ಹೆಚ್ಚುಕಡಮೆ ಎಷ್ಟು ಎಂಬುದನ್ನು ಜೊತೆಗೂಡಿಸಿ ತಿಳಿಸಿದರೆ, ಯಾವ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ವಿವೇಕ ವಿದ್ಯಾರ್ಥಿಯಲ್ಲಿ ನೆಲೆಗೊಳ್ಳುತ್ತದೆ. ಹಿಮಾನಿಗಳ ಕ್ಷಯದ ವಿಷಯದಲ್ಲಿ ಭೀತಿಯನ್ನು ಹರಡುವವರ ಮಾತನ್ನೂ ಉದಾಸೀನರ ಮಾತನ್ನೂ ಅವನು ಅದೇ ತಕ್ಕಡಿಯಲ್ಲಿ ತೂಗಿ ನೋಡಬಲ್ಲವನಾಗುತ್ತಾನೆ.