ಗುಜರಿಗೆ ಯಾವುದು, ಅಂಗಳಕ್ಕೆ ಯಾವುದು

ಹಳೇ ಸಾಮಾನಿನಿಂದ ಕೈತೋಟ ಸಿಂಗರಿಸುವ ವಿಡಿಯೊಗಳನ್ನು ನೋಡಿ ಬಂಗಾರಪೇಟೆಯ ನಮ್ಮ ಬೀದಿಯಲ್ಲೂ ಹಲವರು ಪೇಂಟು, ಬ್ರಷ್ಷು ತಂದಿಟ್ಟುಕೊಂಡಿದ್ದಾರೆ. ಒಳ್ಳೆಯ ಅಭ್ಯಾಸ, ನಾನೂ ಮಾಡುತ್ತೇನೆ. ಆದರೆ ದುಡ್ಡು ಉಳಿಸಲೆಂದು ಇದಕ್ಕೆ ಕೈಹಾಕುವವರು ಮೊದಲು ಎರಡು ಲೆಕ್ಕ ನೋಡಬೇಕು. ಆ ಸಾಮಾನಿಗೆ ಗುಜರಿಯಲ್ಲಿ ಎಷ್ಟು ಸಿಗುತ್ತದೆ? ಅದರಲ್ಲಿ ನೆಟ್ಟ ಗಿಡ ಎಷ್ಟು ನೀರು ಕುಡಿಯುತ್ತದೆ? ನಮ್ಮ ಸೀಮೆಯಲ್ಲಿ ಎರಡನೆಯದೇ ದೊಡ್ಡ ಲೆಕ್ಕ.

ನಮ್ಮ ಮಾವ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 2001ರ ಫೆಬ್ರುವರಿ ಕೊನೆಗೆ ಬಿಜಿಎಂಎಲ್ ಗಣಿಗಳು ಮುಚ್ಚಿದ ಮೇಲೆ ಸಂಸಾರ ಬಂಗಾರಪೇಟೆಗೆ ಬಂತು. ಜತೆಗೆ ಬಂದದ್ದು ಒಂದು ತಗಡಿನ ಟ್ರಂಕು, ಒಂದು ಹಿತ್ತಾಳೆ ಹಂಡೆ, ಒಂದು ಒರಳುಕಲ್ಲು. ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಮಾವನ ಹೆಸರು, ಅದರ ಕೆಳಗೆ ಟೋಕನ್ ನಂಬರು. ತಳ ತುಕ್ಕು ತಿಂದಿತ್ತು, ಬೀಗದ ಕೊಂಡಿ ಕಿತ್ತುಹೋಗಿತ್ತು. ಗುಜರಿಯವರು ಎತ್ತಿ ನೋಡಿ, “ಅಕ್ಕಾ, ಬರೀ ತಗಡು, ತೂಕ ಬರಲ್ಲ, ನೂರು ರೂಪಾಯಿ ತಗೊಳ್ಳಿ” ಅಂದರು. ಅಷ್ಟೇ ಉದ್ದದ ಸಿಮೆಂಟ್ ತೊಟ್ಟಿಗೆ ನರ್ಸರಿಯಲ್ಲಿ ಎಂಟುನೂರು ಹೇಳುತ್ತಿದ್ದರು. ಟ್ರಂಕು ಅಂಗಳಕ್ಕೇ ಸರಿ ಎಂದು ತೀರ್ಮಾನಿಸಲು ಇಷ್ಟು ಸಾಕಾಯಿತು.

ಮಾಡಿದ್ದು ಇಷ್ಟೇ. ತಳಕ್ಕೆ ದಪ್ಪ ಮೊಳೆಯಿಂದ ಗೇಣಿಗೊಂದು ತೂತು ಹೊಡೆದು, ಟ್ರಂಕನ್ನು ನಾಲ್ಕು ಇಟ್ಟಿಗೆಗಳ ಮೇಲೆ ಕೂರಿಸಿದೆ. ನೆಲಕ್ಕೆ ತಾಗದಿದ್ದರೆ ತುಕ್ಕು ನಿಧಾನ. ಒಳಗೆ ಹಳೇ ಗೊಬ್ಬರದ ಚೀಲ ಹಾಸಿ, ಅದಕ್ಕೂ ತೂತು ಮಾಡಿ, ಮೇಲೆ ತೆಂಗಿನ ಸಿಪ್ಪೆಯನ್ನು ಒತ್ತಾಗಿ ಜೋಡಿಸಿದೆ. ಸಿಪ್ಪೆ ನೀರು ಹೀರಿಟ್ಟುಕೊಂಡು ಬೇರಿಗೆ ನಿಧಾನವಾಗಿ ಕೊಡುತ್ತದೆ. ಅದರ ಮೇಲೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ. ನೆಟ್ಟದ್ದು ಟೇಬಲ್ ರೋಸು, ನಿತ್ಯಪುಷ್ಪ. ಎರಡೂ ಬಿಸಿಲಿಗೆ ಬಗ್ಗುವ ಜಾತಿಯಲ್ಲ. ಮುಚ್ಚಳ ತೆರೆದು ಗೋಡೆಗೆ ಒರಗಿಸಿದ್ದೇನೆ. ಹೆಸರು ಅಳಿಸಿಹೋಗಬಾರದೆಂದು ಪೇಂಟ್ ಮುಟ್ಟಿಸಲಿಲ್ಲ. ಹಾಗೆ ನೋಡಿದರೆ ಒಂದು ಲೀಟರ್ ಎನಾಮೆಲ್ ಪೇಂಟು ಕೊಳ್ಳುವ ದುಡ್ಡಿಗೆ ಎರಡು ಒಳ್ಳೆಯ ಕುಂಡಗಳೇ ಬರುತ್ತವೆ. ಚಂಡೀಗಢದಲ್ಲಿ 1976ರಲ್ಲಿ ಜನರಿಗೆ ತೆರೆದ ನೇಕ್ ಚಂದ್ ಅವರ ರಾಕ್ ಗಾರ್ಡನ್ ಒಡೆದ ಬಳೆ, ಒಡೆದ ಪಿಂಗಾಣಿಗಳಲ್ಲೇ ಎದ್ದು ನಿಂತದ್ದು. ಆ ಚೂರುಗಳ ಸ್ವಂತ ಬಣ್ಣವೇ ಅಲ್ಲಿನ ಅಂದ.

ಹಂಡೆಯ ಲೆಕ್ಕ ಬೇರೆ. ಹಿತ್ತಾಳೆಗೆ ಗುಜರಿಯಲ್ಲಿ ಕಿಲೋಗೆ ನೂರಾರು ರೂಪಾಯಿ ಇದೆ, ತಾಮ್ರಕ್ಕೆ ಅದಕ್ಕಿಂತ ಹೆಚ್ಚು. ಅಂಥ ಪಾತ್ರೆಯ ತಳಕ್ಕೆ ತೂತು ಕೊರೆದು ಮಣ್ಣು ತುಂಬುವುದು ದುಡ್ಡನ್ನು ಮಣ್ಣುಪಾಲು ಮಾಡಿದಂತೆ. ಅಂಗಳದಲ್ಲಿ ಇಡಲೇಬೇಕೆಂಬ ಆಸೆಯಿದ್ದರೆ ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು, ಆ ಕುಂಡವನ್ನು ಹಂಡೆಯೊಳಗೆ ಇಳಿಸಿ. ಕಷ್ಟಕಾಲಕ್ಕೆ ಹಂಡೆ ಹಂಡೆಯಾಗಿಯೇ ಉಳಿದಿರುತ್ತದೆ. ಒರಳುಕಲ್ಲನ್ನು ಗುಜರಿಯವರು ಮುಟ್ಟುವುದೂ ಇಲ್ಲ. ಬೆಂಗಳೂರಿನಲ್ಲಿ ತೋಟದ ಅಲಂಕಾರಕ್ಕೆಂದು ಅದೇ ಕಲ್ಲಿಗೆ ಸಾವಿರಗಟ್ಟಲೆ ಕೊಡುತ್ತಾರೆ. ನಮ್ಮನೆಯ ಒರಳಲ್ಲಿ ಈಗ ಹಕ್ಕಿಗಳಿಗೆ ನೀರು.

ನಮ್ಮ ಕಡೆಗೇ ವಿಶೇಷವಾದ ಸಾಮಾನೊಂದಿದೆ: ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ. ಆರಡಿ ಉದ್ದ, ನಾಲ್ಕಡಿ ಅಗಲದ ಚಾಪೆಯ ಮೇಲೆ ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಸುತ್ತಿರುತ್ತದೆ. ಪ್ಲಾಸ್ಟಿಕ್ ಚಂದ್ರಿಕೆ ಬಂದಮೇಲೆ ಕೋಲಾರ ಜಿಲ್ಲೆಯ ಎಷ್ಟೋ ಹುಳುಮನೆಗಳಲ್ಲಿ ಹಳೆಯವು ಒಲೆ ಸೇರುತ್ತಿವೆ. ನೆಂಟರ ಮನೆಯಿಂದ ಎರಡು ತಂದು, ಬ್ಲೀಚಿಂಗ್ ಪುಡಿಯ ನೀರಲ್ಲಿ ತೊಳೆದು ಒಣಗಿಸಿ, ಪಡುವಣ ಗೋಡೆಗೆ ತೂಗುಹಾಕಿದೆ. ಸುರುಳಿಯ ಸಂದಿನಲ್ಲೆಲ್ಲ ಶಂಖಪುಷ್ಪದ ಬಳ್ಳಿ ನುಸುಳಿ ನೀಲಿ ಹೂ ಬಿಟ್ಟಿದೆ. ಸಂಜೆಯ ಬಿಸಿಲು ಗೋಡೆಗೆ ನೇರ ಬಡಿಯದು, ಅದರ ಬುಡದ ಕುಂಡಗಳೂ ಬೇಗ ಒಣಗವು. ಖರ್ಚಾದದ್ದು ಎರಡು ಮೊಳೆ, ಒಂದಿಷ್ಟು ತಂತಿ.

ಇನ್ನು ನೀರು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು. ಬೋರು ಸಾವಿರ ಅಡಿ ದಾಟಿದರೂ ನೀರು ಸಿಗುವ ಖಾತ್ರಿಯಿಲ್ಲ. ಬೆಂಗಳೂರು ಬಳಸಿ ಬಿಟ್ಟ ನೀರನ್ನೇ ಸಂಸ್ಕರಿಸಿ, ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂಥ ಊರಲ್ಲಿ ನಲವತ್ತು ಕುಂಡ ಇಟ್ಟು, ಬೇಸಗೆಯಲ್ಲಿ ಒಂದೊಂದಕ್ಕೆ ದಿನಕ್ಕೆ ಎರಡು ಲೀಟರ್ ಹಾಕಿದರೆ ತಿಂಗಳಿಗೆ 2,400 ಲೀಟರ್ ಬೇಕು. ನಾಲ್ಕು ತಿಂಗಳಿಗೆ 5,000 ಲೀಟರಿನ ಎರಡು ಟ್ಯಾಂಕರ್ ಹತ್ತಿರ ಹತ್ತಿರ. ಕುಂಡದಲ್ಲಿ ಉಳಿಸಿದ್ದು ಟ್ಯಾಂಕರಿಗೆ ಹೋಯಿತು! ಹಾಗಾಗಿ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಸಾಲಾಗಿ ನೇತುಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಅದರಲ್ಲಿನ ಹಿಡಿ ಮಣ್ಣು ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗುತ್ತದೆ, ಬಾಟಲಿ ವರ್ಷದೊಳಗೆ ಸಿಡಿಯುತ್ತದೆ. ಹತ್ತು ಚಿಕ್ಕ ಡಬ್ಬಗಳಿಗಿಂತ ಒಂದು ದೊಡ್ಡ ಟ್ರಂಕು ಮೇಲು.

ಕಳೆದ ಬೇಸಗೆಯ ಕುಡಿಯುವ ನೀರಿನ ಮಡಕೆ ಮನೆಯಲ್ಲಿದ್ದರೆ ಎಸೆಯಬೇಡಿ. ನಮ್ಮ ಗಡಸು ನೀರಿನ ಉಪ್ಪು ಕಟ್ಟಿ ಅದರ ರಂಧ್ರ ಮುಚ್ಚಿರುತ್ತದೆ, ಅದಕ್ಕೇ ಎರಡನೇ ವರ್ಷ ನೀರು ತಣ್ಣಗಾಗದು. ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಿಂದ ಒಳಗೂ ಹೊರಗೂ ಉಜ್ಜಿ. ಆಮೇಲೆ ಗಿಡಗಳ ನಡುವೆ ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿಗೆ ತಟ್ಟೆ ಮುಚ್ಚಿ. ಮಡಕೆ ಜಿನುಗಿದಷ್ಟನ್ನು ಬೇರು ಹೀರಿಕೊಳ್ಳುತ್ತದೆ, ಆವಿಯಾಗಿ ಹೋಗುವುದು ಕಡಿಮೆ. ಅಕ್ಕಿ, ಸೊಪ್ಪು ತೊಳೆದ ನೀರನ್ನು ಇದಕ್ಕೆ ಹಾಕಬೇಡಿ, ರಂಧ್ರ ಮತ್ತೆ ಕಟ್ಟುತ್ತದೆ. ಅದನ್ನು ಗಿಡದ ಬುಡಕ್ಕೇ ಸುರಿಯಿರಿ. ಮುಚ್ಚಿದ ತಟ್ಟೆಯ ಮೇಲೆ ನಮ್ಮನೆ ಮಕ್ಕಳು ಒಡೆದ ಬಳೆ ಚೂರು ಅಂಟಿಸಿದ್ದಾರೆ.

ಕೆಲವನ್ನು ಅಂಗಳಕ್ಕೆ ತರಲೇಬಾರದು. ಕೀಟನಾಶಕದ ಡಬ್ಬ, ಹಳೇ ಬ್ಯಾಟರಿ ಬೇಡ. ಟೈರಿನ ಒಳಗೆ ನೀರು ನಿಂತರೆ ವಾರ ಹತ್ತು ದಿನದಲ್ಲಿ ಡೆಂಗಿ ಸೊಳ್ಳೆ ಹಾರುತ್ತದೆ, ಆಸ್ಪತ್ರೆಯ ಬಿಲ್ಲಿನ ಮುಂದೆ ಯಾವ ಉಳಿತಾಯವೂ ನಿಲ್ಲದು. ಟೈರು ಬಳಸುವುದಾದರೆ ಸುತ್ತ ತೂತು ಕೊರೆಯಿರಿ. ಕೆಜಿಎಫ್‌ನವರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ: ಹತ್ತಿರದಲ್ಲೇ ಇದೆ, ಪುಕ್ಕಟೆ ಸಿಗುತ್ತದೆ ಎಂದು ಸೈನೈಡ್ ಗುಡ್ಡದ ಮರಳನ್ನು ಕುಂಡಕ್ಕೆ ತುಂಬಬೇಡಿ. ಚಿನ್ನ ತೆಗೆದ ಅದಿರಿನ ಆ ಹುಡಿಯಲ್ಲಿ ರಾಸಾಯನಿಕದ, ಭಾರಲೋಹಗಳ ಶೇಷವಿದೆ. ಅದರಲ್ಲಿ ಉಳಿದಿರುವ ಚಿನ್ನಕ್ಕಾಗಿಯೇ 13 ಗುಡ್ಡಗಳ ಹರಾಜಿಗೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿದೆ. ಆ ಕೆಲಸ ಯಂತ್ರ ಇರುವವರದು, ಕೊತ್ತಂಬರಿ ಬೆಳೆಯುವ ನಮ್ಮದಲ್ಲ.

ಅಟ್ಟದ ಸಾಮಾನು ಇಳಿಸಿ, ತೂಕ ಹಾಕಿಸಿ, ತೂತು ಹೊಡೆಯುವ ಕೆಲಸವನ್ನೆಲ್ಲ ಬೇಸಗೆಯಲ್ಲೇ ಮುಗಿಸಿಕೊಳ್ಳಿ. ಗಿಡ ಮಾತ್ರ ಮಳೆಗೆ ಕಾದು ನೆಡಿ. ನಮ್ಮ ಕಡೆ ಹೆಚ್ಚು ಮಳೆ ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ; ಆಗ ಬೇರೂರಿದ ಗಿಡಕ್ಕೆ ಮುಂದಿನ ಬೇಸಗೆಯಲ್ಲಿ ಕಡಿಮೆ ನೀರು ಸಾಕಾಗುತ್ತದೆ.